ನಲ್ಲಿಯಣ್ಣನ ಒಣ ಕರ್ಚೀಫು

ನಮ್ಮ ಬೀದಿಯಲ್ಲಿ ಯಾರ ಮನೆಯ ನಲ್ಲಿ ಸೋರಿದರೂ ನಿಲ್ಲಿಸುವವನು ಒಬ್ಬನೇ. ಹೆತ್ತವರು ಇಟ್ಟ ಹೆಸರು ಏನೋ ಒಂದಿತ್ತು, ಅದು ಯಾವಾಗಲೋ ಸವೆದುಹೋಯಿತು. ಈಗ ಹೆಂಡತಿಯೊಬ್ಬಳನ್ನು ಬಿಟ್ಟು ಎಲ್ಲರೂ ಕರೆಯುವುದು ನಲ್ಲಿಯಣ್ಣ ಎಂದೇ. ಮೊಣಕಾಲೂರಿ ಕುಳಿತು, ಹಳೇ ವಾಷರನ್ನು ಕಿತ್ತು, ವೈದ್ಯರು ರೋಗಿಯ ನಾಲಿಗೆ ನೋಡುವ ಹಾಗೆ ಬೆಳಕಿಗೆ ಹಿಡಿದು ನೋಡುತ್ತಾನೆ. ಬೀದಿಯ ಸೋರಿಕೆಯನ್ನೆಲ್ಲ ನಿಲ್ಲಿಸಿದ ಈ ಮನುಷ್ಯನಿಗೆ ತನ್ನ ಕಣ್ಣಿನದನ್ನು ಮಾತ್ರ ನಿಲ್ಲಿಸಲು ಬರುತ್ತಿರಲಿಲ್ಲ. ಟಾಕೀಸಿನಲ್ಲಿ ದೀಪ ಆರಿದರೆ ಸಾಕು, ಕರ್ಚೀಫು ತೆಗೆದು ತೊಡೆಯ ಮೇಲೆ ಹಾಸಿಕೊಂಡು ಸಿದ್ಧನಾಗುತ್ತಿದ್ದ.

ಶನಿವಾರ ಸಂಜೆಯ ಸಿನಿಮಾಕ್ಕೆ ಹೋಗುವವರು ನಾವು ನಾಲ್ವರು. ನಲ್ಲಿಯಣ್ಣ, ದರ್ಜಿ, ಕಟಿಂಗ್ ಶಾಪಿನವನು, ಮತ್ತು ಬೀಗ ರಿಪೇರಿ ಮಾಡುವ ನಾನು. ಭಾನುವಾರ ಬೆಳಿಗ್ಗೆ ಪುಸ್ತಕದಂಗಡಿ. ಅಲ್ಲಿ ಯಜಮಾನಿಕೆ ನನ್ನದು. ಶಾಲೆಯ ಹೊಸ್ತಿಲು ತುಳಿಯದೆ, ಪೊಟ್ಟಣದ ಕಾಗದ ಬಿಡಿಸಿ ಬಿಡಿಸಿ ಓದು ಕಲಿತವನು ನಾನು. ನಾನು ಆರಿಸಿದ್ದನ್ನು ಉಳಿದವರು ತೆಪ್ಪಗೆ ಕೇಳುತ್ತಾರೆ. ಆದರೆ ಸಿನಿಮಾದ ಮಾತು ಬಂದರೆ ತೀರ್ಪು ನಲ್ಲಿಯಣ್ಣನದೇ. ಅವನು ಅತ್ತರೆ ಸಿನಿಮಾ ಚೆನ್ನಾಗಿದೆ ಎಂದು ಅರ್ಥ. ಇದು ನಮ್ಮ ನಾಲ್ವರ ನಡುವಿನ ಮಾತಾಗಿದ್ದದ್ದು ಬರಬರುತ್ತಾ ಇಡೀ ಬಡಾವಣೆಯ ಕಾನೂನಾಯಿತು. ಆಟ ಬಿಟ್ಟಾಗ ಟಿಕೆಟ್ ಹರಿಯುವವನು ಬಾಗಿಲಲ್ಲಿ ನಿಂತು ಅವನ ಕರ್ಚೀಫನ್ನು ಮುಟ್ಟಿ ನೋಡುತ್ತಿದ್ದ. ಒದ್ದೆಯಾಗಿದ್ದರೆ ಹೊರಗಿನ ಸಾಲಿಗೆ ತಲೆಯಾಡಿಸುತ್ತಿದ್ದ. ಸಾಲು ಒಳಗೆ ನುಗ್ಗುತ್ತಿತ್ತು.

ಆ ಶನಿವಾರದ ಸಿನಿಮಾದಲ್ಲಿ ಒಬ್ಬ ತಾಯಿ ಸಾಯುತ್ತಾಳೆ. ಹಿತ್ತಿಲ ಮಂಚದ ಮೇಲೆ, ಮಗನ ಕೈ ಹಿಡಿದುಕೊಂಡು, ಬಹಳ ಹೊತ್ತು ಸಾಯುತ್ತಾಳೆ. ದರ್ಜಿ ಬಿಕ್ಕಿದ. ಕಟಿಂಗ್ ಶಾಪಿನವನು ಕೆಮ್ಮಿದ ಹಾಗೆ ಮಾಡಿ ಕಣ್ಣೊರೆಸಿಕೊಂಡ. ಇಬ್ಬರೂ ಒಟ್ಟಿಗೆ ಪಕ್ಕಕ್ಕೆ ತಿರುಗಿ ನೋಡುತ್ತಾರೆ, ನಲ್ಲಿಯಣ್ಣ ಹುಬ್ಬು ಗಂಟಿಕ್ಕಿ ಪರದೆಯ ಮೂಲೆಯನ್ನೇ ದುರುಗುಟ್ಟುತ್ತಿದ್ದಾನೆ. ಕರ್ಚೀಫು ಇಸ್ತ್ರಿಯ ಗೆರೆ ಕೂಡ ಅಳಿಯದೆ ತೊಡೆಯ ಮೇಲೆ ಮಲಗಿದೆ.

ಬಾಗಿಲಲ್ಲಿ ಟಿಕೆಟ್ ಹರಿಯುವವನು ಅದನ್ನು ಮುಟ್ಟಿದ, ತಿರುಗಿಸಿ ಮುಟ್ಟಿದ, ಕೆನ್ನೆಗೆ ಒತ್ತಿಕೊಂಡೂ ನೋಡಿದ. ಹೊರಗಿನ ಸಾಲು ಏನೂ ಕೇಳದೆ ಹಿಂದಕ್ಕೆ ತಿರುಗಿ ಮನೆಗೆ ಹೋಯಿತು. ಮ್ಯಾನೇಜರು ಓಡಿಬಂದು, ಕೊನೇಪಕ್ಷ ಕೈ ತೊಳೆಯುವ ಕಡೆ ಹೋಗಿ ನಾಲ್ಕು ಹನಿ ಚಿಮುಕಿಸಿಕೊಂಡು ಬನ್ನಿ ಎಂದು ಕೈಮುಗಿದರು. ನಲ್ಲಿಯಣ್ಣ ಒಪ್ಪಲಿಲ್ಲ. ಅವನ ಮುಖ ಹುಳ್ಳಗಾಗಿತ್ತು. ಮನೆಗೆ ಹೋಗುವ ದಾರಿಯಲ್ಲಿ ನನ್ನ ಅಂಗಡಿಯ ಮುಂದೆ ನಿಂತು ಹೇಳಿದ:

"ಅಣ್ಣ, ಅಳು ಇತ್ತು ಅಂತ ಜನ ನನಗೊಂದು ಬೆಲೆ ಕೊಡ್ತಿದ್ರು. ಅದೂ ಹೋದ್ರೆ ನಾನು ಬರೀ ನಲ್ಲಿ ರಿಪೇರಿಯವನು."

ಮನೆಯಲ್ಲಿ ಹೆಂಡತಿ ಒಂದು ಬುಟ್ಟಿ ಈರುಳ್ಳಿ ಮುಂದಿಟ್ಟು ಕೂರಿಸಿದಳಂತೆ. ಅಷ್ಟನ್ನೂ ಹೆಚ್ಚಿ ಹಾಕಿದ, ಕಣ್ಣು ಮಿಟುಕಿಸಲಿಲ್ಲ. ಬೆಳಿಗ್ಗೆ ನಮ್ಮ ಮುಂದೆ ಆಕೆ ಹೇಳಿದ್ದು ಇಷ್ಟು: "ನಮ್ಮ ಮದುವೇಲಿ ಅಳಬೇಕಾದವಳು ನಾನು. ನನಗಿಂತ ಮೊದಲು ಇವರು ಅತ್ತು ನನ್ನ ಸರದಿ ಕಿತ್ಕೊಂಡ್ರು. ಅಂಥವರಿಗೆ ಹೀಗಾಗಿದೆ. ಎಲ್ಲಿಗಾದ್ರೂ ಕರ್ಕೊಂಡು ಹೋಗಿ, ಸರಿ ಮಾಡ್ಕೊಂಡು ಬನ್ನಿ."

ಭಾನುವಾರವಾದ್ದರಿಂದ ಪುಸ್ತಕದಂಗಡಿಗೇ ಕರೆದುಕೊಂಡು ಹೋದೆವು. ಅಂಗಡಿಯವರು ಏಣಿಯ ಮೇಲಿನಿಂದಲೇ ರೋಗದ ವಿವರ ಕೇಳಿಕೊಂಡರು. ತಮ್ಮ ಅಂಗಡಿಯಿಂದ ಕಣ್ಣು ಒಣಗಿಸಿಕೊಂಡು ಹೋದವರಿಲ್ಲ ಎನ್ನುತ್ತಾ ಇಳಿದು ಬಂದು, ನಲ್ಲಿಯಣ್ಣನನ್ನು ಸ್ಟೂಲಿನ ಮೇಲೆ ಕೂರಿಸಿದರು. ಕಟಿಂಗ್ ಶಾಪಿನವನು ಅಭ್ಯಾಸಬಲದಿಂದ ಅವನ ಗದ್ದ ಹಿಡಿದು ತಲೆ ನೆಟ್ಟಗೆ ನಿಲ್ಲಿಸಿದ. ನಾನು ಓದತೊಡಗಿದೆ. ಮೊದಲು ಅನಾಥ ಮಗುವಿನ ಕಥೆ. ಆ ಮಗುವಿಗೆ ಸೋದರಮಾವ ಯಾರೂ ಇರಲಿಲ್ಲವೇ ಎಂದು ನಲ್ಲಿಯಣ್ಣ ಕೇಳಿದ. ಆಮೇಲೆ ಅಗಲಿದ ಪ್ರೇಮಿಗಳ ಕಥೆ. ಇಬ್ಬರದೂ ತಪ್ಪಿದೆ ಎಂದ. ಮುದಿ ನಾಯಿಯೊಂದು ಯಜಮಾನನಿಗಾಗಿ ಕಾದು ಕಾದು ಸಾಯುವ ಕಥೆಗೆ ಅಂಗಡಿಯವರೇ ಗಳಗಳ ಅತ್ತು, ಕನ್ನಡಕ ಒರೆಸಿಕೊಳ್ಳಲು ಒಣ ಬಟ್ಟೆ ಬೇಕೆಂದು ನಲ್ಲಿಯಣ್ಣನ ಕರ್ಚೀಫನ್ನೇ ತೆಗೆದುಕೊಂಡರು.

ಕೊನೆಗೆ ಅವರು ಹೊರತೆಗೆದದ್ದು ಆ ಶನಿವಾರದ ಸಿನಿಮಾ ಯಾವ ಕಾದಂಬರಿಯಿಂದ ಬಂದಿತ್ತೋ ಅದನ್ನೇ. ತಾಯಿ ಸಾಯುವ ಪುಟ ಬಿಡಿಸಿ ನಿಧಾನವಾಗಿ ಓದಿದೆ. ನಲ್ಲಿಯಣ್ಣನ ಕೆಳತುಟಿ ಅದುರಿತು. ದರ್ಜಿ ತನ್ನ ಕರ್ಚೀಫು ತೆಗೆದು ಮುಂದೆ ಹಿಡಿದ. ಅಷ್ಟರಲ್ಲಿ ಅವನು ಕೇಳಿದ:

"ಪುಸ್ತಕದಲ್ಲಿ ನಲ್ಲಿ ಇಲ್ವಾ ಅಣ್ಣ?"

"ಯಾವ ನಲ್ಲಿ ಮಾರಾಯ?"

"ಆಯಮ್ಮನ ಮಂಚದ ಹಿಂದೆ ಇತ್ತಲ್ಲ. ಪರದೆಯ ಎಡಗಡೆ, ಕೆಳಗೆ. ಆಟ ಶುರುವಾದಾಗಿಂದ ತೊಟ್ಟಿಕ್ತಾನೇ ಇತ್ತು. ಮಗ ಬಂದ, ಸೊಸೆ ಬಂದಳು, ಡಾಕ್ಟ್ರು ಬಂದ್ರು. ಒಬ್ಬರಾದ್ರೂ ತಿರುಗಿಸಲಿಲ್ಲ. ವಾಷರ್ ಹೋಗಿದೆ ಅಷ್ಟೇ, ಒಂದು ಗಳಿಗೆ ಕೆಲಸ. ಅದನ್ನು ನೋಡ್ತಾ ಹೇಗೆ ಅಳಲಿ? ಈಗಲೂ ಕಿವಿಯಲ್ಲಿ ತೊಟ್ಟಿಕ್ತಿದೆ."

ದರ್ಜಿ ತಲೆಯ ಮೇಲೆ ಕೈಹೊತ್ತು ಕುಳಿತ. ಅಂಗಡಿಯವರಿಗೆ ರೇಗಿತು. ಅಷ್ಟು ಹೊತ್ತು ಪಟ್ಟ ಪಾಡೆಲ್ಲ ಒಂದು ವಾಷರಿಗಾಗಿಯೇ ಎಂದು ಪುಸ್ತಕ ಮುಚ್ಚಿ ಕುಕ್ಕಿದರು.

"ಹಾಗಿದ್ರೆ ಹೋಗಿ ನಿಲ್ಲಿಸಿ ಬನ್ರೀ!"

ಅವರು ಸಿಟ್ಟಿನಿಂದ ಅಂದದ್ದನ್ನು ನಲ್ಲಿಯಣ್ಣ ಔಷಧಿ ಚೀಟಿಯ ಹಾಗೆ ಸ್ವೀಕರಿಸಿದ. ಅವರಿಗೆ ನಮಸ್ಕಾರ ಮಾಡಿ, ನೆಟ್ಟಗೆ ಮನೆಗೆ ಹೋಗಿ ಸ್ಪ್ಯಾನರನ್ನೂ ಇನ್ನೊಂದು ಕರ್ಚೀಫನ್ನೂ ತಂದ. ನಾನು ಆ ಕಾದಂಬರಿಯನ್ನು ಕೊಂಡು ಕಂಕುಳಲ್ಲಿಟ್ಟುಕೊಂಡು ಅವನ ಹಿಂದೆ ಹೊರಟೆ, ಉಳಿದಿಬ್ಬರೂ ಜೊತೆಗೆ ಬಂದರು.

ಮಧ್ಯಾಹ್ನದ ಆಟಕ್ಕೆ ಟಾಕೀಸು ಅರ್ಧವೂ ತುಂಬಿರಲಿಲ್ಲ. ಮ್ಯಾನೇಜರು ಸ್ಪ್ಯಾನರ್ ನೋಡಿದರು, ನಮ್ಮ ಮುಖ ನೋಡಿದರು, ಬಾಗಿಲು ಬಿಟ್ಟು ಸರಿದು ನಿಂತರು. ಪರದೆಯ ಮೇಲೆ ತಾಯಿ ಮಂಚ ಹಿಡಿದಳು. ಹಿಂದೆ ನಲ್ಲಿ ತೊಟ್ಟಿಕ್ಕುತ್ತಿತ್ತು. ನಲ್ಲಿಯಣ್ಣ ಎದ್ದ. ಕಾಲುಗಳನ್ನು ದಾಟಿಕೊಂಡು, ಕ್ಷಮಿಸಿ ಕ್ಷಮಿಸಿ ಎನ್ನುತ್ತಾ ಮುಂದಕ್ಕೆ ನಡೆದು, ವೇದಿಕೆ ಹತ್ತಿ, ಪರದೆಯ ಎಡಮೂಲೆಯಲ್ಲಿ ಮೊಣಕಾಲೂರಿದ. ಅವನ ನೆರಳು ನಲ್ಲಿಯನ್ನು ಪೂರ್ತಿ ಮುಚ್ಚಿತು. ಯಾರೂ ಸಿಳ್ಳೆ ಹಾಕಲಿಲ್ಲ. ಅವನು ಸ್ಪ್ಯಾನರನ್ನು ಪರದೆಯ ಬಟ್ಟೆಗೆ ತಾಗಿಸಿ, ಉಸಿರು ಕಟ್ಟಿ, ಬಲಕ್ಕೆ ತಿರುಗಿಸಿದ.

ಶಬ್ದ ನಿಂತಿತು.

ಮೇಲೆ ಸಿನಿಮಾ ಯಂತ್ರ ನಡೆಸುವವನಿಗೆ ಯಾರೂ ಏನೂ ಹೇಳಿರಲಿಲ್ಲ. ದಿನವೆಲ್ಲ ಆ ತೊಟ್ಟು ಕೇಳಿ ಕೇಳಿ ಅವನಿಗೂ ತಲೆ ಕೆಟ್ಟಿತ್ತಂತೆ. ಸ್ಪ್ಯಾನರ್ ತಿರುಗಿದ್ದು ಕಂಡದ್ದೇ ತಡ, ಅವನ ಕೈ ತಾನಾಗಿಯೇ ಹೋಗಿ ಧ್ವನಿ ಆರಿಸಿತಂತೆ. ತೊಟ್ಟಿನ ಜೊತೆಗೆ ತಾಯಿಯ ಮಾತೂ ಹೋಯಿತು. ಆಕೆ ತುಟಿಯಾಡಿಸುತ್ತಾಳೆ, ಏನೂ ಕೇಳದು.

ನಲ್ಲಿಯಣ್ಣ ಬಂದು ನನ್ನ ಪಕ್ಕದಲ್ಲಿ ಕುಳಿತು ಕೈ ಒರೆಸಿಕೊಂಡ. ಈಗ ಮೊದಲ ಸಲ ಅವನು ಆಕೆಯ ಮುಖ ನೋಡಿದ.

"ಏನಂತಾಳೆ ಅಣ್ಣ?"

ಪುಸ್ತಕ ನನ್ನ ತೊಡೆಯ ಮೇಲಿತ್ತು. ಆ ಪುಟ ನನಗೆ ಬಾಯಿಪಾಠವಾಗಿತ್ತು. "ಅನ್ನ ಆರಿಹೋಗುತ್ತೆ, ಮೊದಲು ಊಟ ಮಾಡು ಅಂತಾಳೆ ಕಣಪ್ಪ."

ಹಿಂದಿನ ಸಾಲಿನವರು ಬಗ್ಗಿ ಕೇಳಿಸಿಕೊಂಡು ತಮ್ಮ ಹಿಂದಿನವರಿಗೆ ಹೇಳಿದರು. ಆ ಮಾತು ಕತ್ತಲಲ್ಲಿ ಸಾಲಿನಿಂದ ಸಾಲಿಗೆ ಸರಿಯುತ್ತಾ ಹೋಯಿತು, ಅದು ಮುಟ್ಟಿದಲ್ಲೆಲ್ಲ ಮೂಗು ಸೀಟುವ ಸದ್ದು ಎದ್ದಿತು. ನಲ್ಲಿಯಣ್ಣನ ಕಣ್ಣಿಗೆ ಕೋಡಿ ಬಿತ್ತು. ಹಿಂದಿನ ದಿನದ ಬಾಕಿ, ಈರುಳ್ಳಿಯ ಬಾಕಿ, ಆ ನಾಯಿಯ ಬಾಕಿ, ಎಲ್ಲವನ್ನೂ ಸೇರಿಸಿ ಅತ್ತ.

ಬಾಗಿಲಲ್ಲಿ ಟಿಕೆಟ್ ಹರಿಯುವವನು ಕರ್ಚೀಫನ್ನು ಮುಟ್ಟಬೇಕಾಗಿಯೇ ಬರಲಿಲ್ಲ, ಅದು ಮೆಟ್ಟಿಲ ಮೇಲೆ ಹನಿಯುತ್ತಿತ್ತು. ಹೊರಗಿದ್ದ ಜನ ಒಳಗೆ ನುಗ್ಗಿದರು. ಕಟಿಂಗ್ ಶಾಪಿನವನು ಅವನ ಬೆನ್ನು ತಟ್ಟಿ, ಮುಂದಿನ ಶನಿವಾರ ಯಾವ ಸಿನಿಮಾ ಎಂದು ಕೇಳಿದ. ನಲ್ಲಿಯಣ್ಣನ ಮುಖ ಅರಳಿತು. ಮರುಗಳಿಗೆಗೇ ಹುಬ್ಬು ಗಂಟಿಕ್ಕಿತು.

"ಅಣ್ಣ, ಈ ಆಟಕ್ಕೆ ಅದು ಮತ್ತೆ ಸೋರುತ್ತಲ್ಲ?"

ಅವನು ಒದ್ದೆ ಕರ್ಚೀಫನ್ನು ದರ್ಜಿಯ ಕೈಗಿಟ್ಟು, ದರ್ಜಿಯ ಜೇಬಿನಿಂದ ಒಣಗಿದ್ದೊಂದನ್ನು ಎಳೆದುಕೊಂಡು, ಸ್ಪ್ಯಾನರ್ ಹಿಡಿದು ಜನರ ಜೊತೆ ಮತ್ತೆ ಒಳಗೆ ಹೋದ.