ಎಲುಬು ಕೊಟ್ಟ ಸೊಂಟದ ಅಹವಾಲು

ಬೀದರಿನ ಸಮಸ್ತ ಗೆಳೆಯರಲ್ಲಿ ಘೋಷಿಸುವುದೇನೆಂದರೆ, ಇಂದು ನನ್ನ ಸೊಂಟಕ್ಕೆ ಪ್ರತ್ಯೇಕ ದಿಂಬು ಮಂಜೂರಾಗಿದೆ!

ಮುರಿದ ಕೈಯನ್ನು ಕೂಡಿಸಲು ಡಾಕ್ಟರು ಸೊಂಟದಿಂದ ಎಲುಬಿನ ಚೂರು ತೆಗೆದಿದ್ದಾರೆ. ಗುಳಿಗೆ ನುಂಗಿದರೂ ಈಗ ಕೈಗಿಂತ ಸೊಂಟವೇ ಹೆಚ್ಚು ನೋಯುತ್ತದೆ. ಬಂದವರು ಮಾತ್ರ ಕೈಯನ್ನೇ ವಿಚಾರಿಸುತ್ತಾರೆ.

ಅಜ್ಜಿಯ ಮುಂದೆ ಗೊಣಗಿದೆ: "ಆಯಿ, ಎಲುಬು ಕೊಟ್ಟ ಸೊಂಟಕ್ಕ ಯಾರೂ ಕೇಳವಲ್ರು ನೋಡು."

ಅಜ್ಜಿ ನಕ್ಕಳು. "ನಲವತ್ತೆಂಟರಾಗ ಮಿಲಿಟ್ರಿ ಬಂದು ಪೊಲೀಸ್ ಆ್ಯಕ್ಷನ್ ಆದ ಗದ್ದಲದಾಗ ನನ್ನ ತಮ್ಮನ ಕೈ ಮುರಿದಿತ್ತು. ಸಾಯಗಾಂವದಿಂದ ಭಾಲ್ಕಿ ತನಕ ಸೊಂಟದ ಮ್ಯಾಲ ಹೊತ್ಕೊಂಡು ಓಡಿದ್ದೆ. ಎಲ್ಲಾರೂ ಅವನ ಕೈ ಹ್ಯಾಂಗ ಅದ ಅಂತ ಕೇಳಿದ್ರು. ನನ್ನ ಸೊಂಟ ಇವತ್ತಿಗೂ ನೋಯ್ತದ. ಯಾರ್ ಕೇಳ್ಯಾರೋ?"

ಅವಳ ವಾಲುನಡಿಗೆಗೆ ವಯಸ್ಸೇ ಕಾರಣವೆಂದು ಮನೆಮಂದಿಯೆಲ್ಲ ಎಂದೋ ತೀರ್ಪು ಕೊಟ್ಟು ಕೂತಿದ್ದೆವು.

ನಾಳೆ ನನ್ನನ್ನು ನೋಡಲು ಬರುವವರು ಹಣ್ಣು ತರಬೇಡಿ. ಒಂದು ಬಿಸಿನೀರಿನ ಚೀಲ ತನ್ನಿ, ಅಜ್ಜಿಗೆ.