ಸೋರದ ಟ್ಯಾಂಕ್

ಸಿಂಗಪುರದ ಬೆಡೋಕ್‌ನ ನಮ್ಮ ಬಾಡಿಗೆ ಫ್ಲ್ಯಾಟಿನಲ್ಲಿ ಪಕ್ಕದ ಕೋಣೆಯ ವಾದಿರಾಜರು ಆಫೀಸಿನಿಂದ ಬಂದವರೇ ಅಕ್ವೇರಿಯಂ ಪೈಪಿನ ತುಂಡನ್ನು ಕೈಗೆತ್ತಿಕೊಳ್ಳುತ್ತಾರೆ. ಸಿಗರೇಟು ಬಿಡಲು ಅವರು ಇ-ಸಿಗರೇಟನ್ನು ನಂಬಿದ್ದಾರೆ; ಅದನ್ನು ಇಲ್ಲಿ ಮಾರುವಂತಿಲ್ಲವಾದ್ದರಿಂದ, ಅದರ ದ್ರವ ತುಂಬುವ ಟ್ಯಾಂಕನ್ನು ತಾವೇ ಮಾಡುತ್ತಾರೆ. ಪೈಪು ಕತ್ತರಿಸಿ, ಎರಡೂ ತುದಿಗೆ ರಬ್ಬರ್ ರಿಂಗು ಕೂರಿಸಿ, ನೀರು ತುಂಬಿ ನೋಡುತ್ತಾರೆ. ಸೋರುತ್ತದೆ. "ಸೀಲ್ ಸ್ವಲ್ಪ ಲೂಸ್ ಅಷ್ಟೇ, ನಾಳೆ ಪಕ್ಕಾ" ಎನ್ನುತ್ತಾರೆ. ಅಕ್ವೇರಿಯಂ ಅಂಗಡಿಯ ಅಂಕಲ್ "ಫಿಶ್ ಓಕೆ ಆ?" ಎಂದು ಕೇಳಿದರೆ, ಒಂದು ಮೀನನ್ನೂ ಸಾಕದ ವಾದಿರಾಜರು ಇಲ್ಲಿನವರ ಧಾಟಿಯಲ್ಲೇ "ಓಕೆ ಲಾ" ಎಂದು ಬರುತ್ತಾರೆ. ಅವರು ನಮ್ಮ ಕುಕ್ಕರಿನ ಗ್ಯಾಸ್ಕೆಟ್ಟನ್ನು ನೋಡುವ ರೀತಿಗೆ ಹೆದರಿ ನಾನದನ್ನು ಬೀರುವಿನಲ್ಲಿಟ್ಟಿದ್ದೇನೆ. ಸಿಗರೇಟು ಬಿಟ್ಟರೆ ಮಾತ್ರ ಸಿಂಗಪುರಕ್ಕೆ ಬರುತ್ತೇನೆಂದು ಧಾರವಾಡದಲ್ಲಿರುವ ಅವರ ಹೆಂಡತಿ ಸುಮಂಗಲಾ ಹೇಳಿದ್ದಾರೆ. ಆಕೆಗೆಂದು ಕಿಟಕಿಗೆ ಹೊಸ ಪರದೆ ಬಂದಾಗಿದೆ. ಮಂಚದ ಗೋಡೆಯ ಕಡೆ ಜಾಗ ಬಿಟ್ಟೇ ಇವರು ಮಲಗುತ್ತಾರೆ. ಕಳೆದ ಶನಿವಾರ ಟ್ಯಾಂಕು ಸೋರಲಿಲ್ಲ. ಕುಣಿಯುತ್ತಲೇ ಹೆಂಡತಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದರು. "ಬಿಡ್ರಿ ಅಂದಿದ್ದೆ, ಬದಲಿ ಹುಡುಕ್ರಿ ಅಂದಿದ್ನೇನ್ರಿ?" ಎಂದರು ಆಕೆ. ಕಾಲ್ ಮುಗಿದ ಮೇಲೆ ವಾದಿರಾಜರು ಆ ಒಳ್ಳೆಯ ಟ್ಯಾಂಕನ್ನು ಬಿಚ್ಚಿಹಾಕಿ, ಹೊಸ ಪೈಪು ಕತ್ತರಿಸತೊಡಗಿದರು. "ಮತ್ತೆ ಯಾಕೆ ಸರ್?" ಎಂದೆ. ಅವರು ತಲೆಯೆತ್ತಲಿಲ್ಲ. "ಕೈಗೆ ಕೆಲಸ ಇದ್ರೆ ಸಿಗರೇಟ್ ನೆನಪಾಗಲ್ಲ ಕೌಶಿಕ್" ಎಂದರು. "ಅವಳೊಬ್ಬಳೇ ನೆನಪಾಗ್ತಾಳೆ."