ಬಿಟ್ಟುಕೊಡಲಾಗದ ಸರದಿ

ಬೀಗದಣ್ಣ ಎಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಕೀಲಿ ಕಳೆದುಕೊಂಡವರು, ಬಾಗಿಲು ಎಳೆದುಕೊಂಡು ಹೊರಗೇ ಉಳಿದವರು, ಗಂಡನ ಮೇಲಿನ ಸಿಟ್ಟಿಗೆ ಕೀಲಿಯನ್ನು ಚರಂಡಿಗೆ ಎಸೆದು ಆಮೇಲೆ ಪೇಚಾಡುವವರು, ಎಲ್ಲರೂ ಅವನ ಅಂಗಡಿಗೇ ಬರುತ್ತಿದ್ದರು. ಅವನು ಬಾಗಿಲಿಗೆ ಕಿವಿ ಆನಿಸಿ, ಎರಡು ಸಣ್ಣ ಕಂಬಿ ಆಡಿಸಿ, ಅವರ ಗೋಳಿನ ಕಥೆ ಮುಗಿಯುವುದರೊಳಗೆ ಬೀಗ ತೆಗೆದಿರುತ್ತಿದ್ದ.

ಬೆರಳಿಟ್ಟರೆ ತೆರೆಯುವ ಬೀಗಗಳು ಬಂದವು. ಬೀಗದಣ್ಣ ತಲೆ ಮೇಲೆ ಕೈಹೊತ್ತು ಕೂರಲಿಲ್ಲ. ನಡುವಯಸ್ಸಿನಲ್ಲಿ ಪ್ರೋಗ್ರಾಮಿಂಗ್ ಕಲಿತ. ಅದರಲ್ಲೂ ಸ್ಮಾರ್ಟ್ ಕಾಂಟ್ರಾಕ್ಟ್ ಬರೆಯುವ ಒಂದು ಭಾಷೆ ಅವನಿಗೆ ಹುಚ್ಚು ಹಿಡಿಸಿತು. ಹತ್ತು ಜನ ಒಪ್ಪಿದ ಕರಾರನ್ನು ಆ ಭಾಷೆಯಲ್ಲಿ ಬರೆದು ನೆಟ್‌ವರ್ಕಿಗೆ ಏರಿಸಿದರೆ ಮುಗಿಯಿತು, ಅದು ತನ್ನಷ್ಟಕ್ಕೆ ನಡೆಯುತ್ತದೆ. ಬರೆದವನೇ ಬಂದು ಕಾಲಿಗೆ ಬಿದ್ದರೂ ಒಂದಕ್ಷರ ಬದಲಾಗುವುದಿಲ್ಲ. ಜೀವಮಾನವೆಲ್ಲ ಬೀಗಗಳನ್ನು ಬಿಚ್ಚಿ ಯಾವ ಬೀಗವನ್ನೂ ನಂಬದ ಹಾಗಾಗಿದ್ದವನಿಗೆ ಇದೊಂದರ ಮೇಲೆ ನಂಬಿಕೆ ಕೂತಿತು.

ಅವನ ಹೆಂಡತಿಯ ಚಿಕ್ಕಮ್ಮ ಮಣ್ಣಿನ ಕೆಲಸದವಳು. ಇವನು ಚಿಕ್ಕತ್ತೆ ಎನ್ನುತ್ತಿದ್ದ. ಮದುವೆಯಾದ ಹೊಸದರಲ್ಲಿ ಅವನು ಅಂಗಡಿಗೆ ಜಾಗವಿಲ್ಲದೆ ಅಲೆಯುತ್ತಿದ್ದಾಗ, ಮಡಕೆ ತಿರುಗಿಸುವ ತನ್ನ ತಿಗರಿಯನ್ನು ಗೋಡೆಯ ಕಡೆಗೆ ಸರಿಸಿ, ಕೊಟ್ಟಿಗೆಯ ಅರ್ಧ ಬಿಟ್ಟುಕೊಟ್ಟವಳು. ಅವಳೂ ಇನ್ನಷ್ಟು ಕುಂಬಾರರೂ ಸಂಘ ಕಟ್ಟಿಕೊಂಡು ಮಡಕೆ ಸುಡಲು ಕರೆಂಟಿನ ದೊಡ್ಡ ಆವಿಗೆ ಒಂದನ್ನು ಹಾಕಿಸಿದ್ದರು. ಅದರ ಕೋಣೆಯ ಕೀಲಿ ಕಾರ್ಯದರ್ಶಿಯ ಸೊಂಟದಲ್ಲಿ. ಅವನ ನೆಂಟರಿಷ್ಟರ ಮಡಕೆಗಳೆಲ್ಲ ಬೆಂದು ಬಂದ ಮೇಲೆ ಚಿಕ್ಕತ್ತೆಯ ಸರದಿ. ಹಸಿ ಮಡಕೆಗಳನ್ನು ಹಲಗೆಯ ಮೇಲೆ ಹೊತ್ತು ತಂದು, ಹಾಗೇ ಹೊತ್ತುಕೊಂಡು ಹೋಗುತ್ತಿದ್ದಳು. ಜಗಳಕ್ಕೆ ನಿಲ್ಲುವ ಹೆಂಗಸಲ್ಲ.

ಅವಳ ಪರವಾಗಿ ಅಳಿಯ ನಿಂತ. ಆವಿಗೆಯ ಸರದಿಯನ್ನೆಲ್ಲ ಸ್ಮಾರ್ಟ್ ಕಾಂಟ್ರಾಕ್ಟಿಗೆ ಹಾಕಿದ. ಸರದಿ ಯಾರದೋ ಅವರ ಬೆರಳಿಗೆ ಮಾತ್ರ ಬಾಗಿಲು ತೆರೆಯುತ್ತದೆ. ಬೇಕಾದರೆ ಫೋನಿನಲ್ಲೇ ಒತ್ತಿ ತಮ್ಮ ಸರದಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡಬಹುದು. ಬೀಗವನ್ನು ಬೇರೆ ಕಾಂಟ್ರಾಕ್ಟಿಗೆ ಜೋಡಿಸಬೇಕೆಂದರೆ ಸಂಘದ ಅಷ್ಟೂ ಜನ ಬಾಗಿಲಿಗೆ ಬಂದು ಬೆರಳಿಡಬೇಕು.

"ರೀ, ಒಂದು ಹೆಚ್ಚಿನ ಕೀಲಿ ಇರಲಿ. ಯಾವ ಹೊತ್ತಿಗೆ ಏನೋ ಹೇಳಕ್ಕಾಗಲ್ಲ" ಎಂದಳು ಹೆಂಡತಿ.

"ಕೀಲಿ ಅಂತ ಒಂದಿದ್ರೆ ಅದನ್ನ ಇಟ್ಕೊಳ್ಳೋಕೆ ಒಬ್ಬ ಬೇಕಾಗತ್ತೆ. ಅವನೇ ಮುಂದಿನ ಕಾರ್ಯದರ್ಶಿ" ಎಂದ ಬೀಗದಣ್ಣ.

ಚಿಕ್ಕತ್ತೆ ನಕ್ಕು, "ಅಳಿಯಂದ್ರೇ, ಬೀಗ ಹಾಕೋರು ಬೀಗಬಾರದು" ಎಂದಳು.

ಬಹಳ ಕಾಲ ಎಲ್ಲ ಸರಾಗವಾಗಿ ನಡೆಯಿತು. ಆಮೇಲೆ ಸಂಘಕ್ಕೆ ಹೊಸಬರು ಸೇರಿದರು. ಅವರಿಗಾಗಿ ಕಾಂಟ್ರಾಕ್ಟನ್ನು ಮತ್ತೆ ಏರಿಸಬೇಕಾಯಿತು. ಅಷ್ಟರಲ್ಲಿ ಆ ಭಾಷೆಯ ಹೊಸ ಆವೃತ್ತಿ ಬಂದಿತ್ತು. ಹಳೆಯದರಲ್ಲಿ ಬರೆದದ್ದು ಹೊಸದರಲ್ಲಿ ಹಾಗೇ ನಡೆಯುವುದಿಲ್ಲವೆಂದು ಅದನ್ನು ಮಾಡಿದವರೇ ಹೇಳಿದ್ದರು. ಬರೆದದ್ದನ್ನು ಪರೀಕ್ಷಿಸುವ ಕಂಪೈಲರ್‌ಗೆ ಹಾಕಿದ ಕೂಡಲೇ ಅದು ಸಾಲುಸಾಲಾಗಿ ತಪ್ಪು ತೋರಿಸಿತು: ಈ ಪದ ಈಗಿಲ್ಲ, ಇದನ್ನು ಯಾರು ಕರೆಯಬಹುದೆಂದು ಬರೆದಿಲ್ಲ, ಮೊದಲು ನಡೆಯುವ ಭಾಗಕ್ಕೆ ಬೇರೆ ಹೆಸರಿಡು. ಬೀಗದಣ್ಣ ತುಕ್ಕು ಹಿಡಿದ ಬೀಗಕ್ಕೆ ಎಣ್ಣೆ ಬಿಡುವವನ ತಾಳ್ಮೆಯಿಂದ ಒಂದೊಂದನ್ನೇ ಸರಿಮಾಡಿದ. ಕೊನೆಗೆ ಕಂಪೈಲರ್ ತೆಪ್ಪಗಾಯಿತು. ಅದು ಸುಮ್ಮನಾದದ್ದನ್ನೇ ಅವನು ಒಪ್ಪಿಗೆ ಎಂದುಕೊಂಡ.

ಅದು ಗದರಿಸದೆ ಬಿಟ್ಟ ಬದಲಾವಣೆ ಒಂದಿತ್ತು. ಹಳೆಯ ಆವೃತ್ತಿಯಲ್ಲಿ ಸೊನ್ನೆಯಿಂದ ಒಂದು ಕಳೆದರೆ, ಗಾಡಿಯ ಮೀಟರ್ ಹಿಂದಕ್ಕೆ ಸುತ್ತಿದ ಹಾಗೆ, ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಬಂದು ನಿಲ್ಲುತ್ತಿತ್ತು. ಹೊಸದರಲ್ಲಿ ಅಂಥ ಲೆಕ್ಕ ಬಂದರೆ ಆ ಕೆಲಸವೇ ರದ್ದು. ಬದಲಾವಣೆಗಳ ಪುಟದಲ್ಲಿ ಇದನ್ನು ಎಲ್ಲಕ್ಕೂ ಮೇಲೆ ಬರೆದಿದ್ದರು. ಬೀಗದಣ್ಣ ಓದಿದ್ದ, ಒಳ್ಳೇದೇ ಆಯ್ತು ಎಂದು ತಲೆಯಾಡಿಸಿಯೂ ಇದ್ದ. ಆದರೆ ಸರದಿ ಬಿಟ್ಟುಕೊಟ್ಟವರ ಹೆಸರಿನ ಮುಂದಿದ್ದ ಸೊನ್ನೆಯಿಂದ ಒಂದು ಕಳೆದು, ಅದು ಸುತ್ತಿ ಬಂದ ಭಾರೀ ಸಂಖ್ಯೆಯನ್ನೇ ಗುರುತು ಮಾಡಿಕೊಂಡು, ಅವರನ್ನು ಮುಂದಿನ ಸುತ್ತಿಗೆ ಮೊದಲು ನಿಲ್ಲಿಸುವ ಜಾಣತನವನ್ನು ಹಿಂದೆ ತಾನೇ ಮಾಡಿದ್ದು ಅವನಿಗೆ ಮರೆತೇಹೋಗಿತ್ತು. ಎಲ್ಲರೂ ಬಂದು ಬೆರಳಿಟ್ಟರು. ಹೊಸ ಕಾಂಟ್ರಾಕ್ಟ್ ಬೀಗಕ್ಕೆ ಕೂತಿತು.

ಆ ದಿನಗಳಲ್ಲೇ ಚಿಕ್ಕತ್ತೆಯ ಹೆಬ್ಬೆರಳ ಕೀಲು ಸವೆದಿದೆ, ಆಪರೇಷನ್ ಆಗಬೇಕು ಎಂದಿದ್ದರು ಡಾಕ್ಟರು. ಅದಕ್ಕೆ ಮೊದಲು ಅವಳು ಒಂದು ಗುಡಾಣ ಮಾಡಿದಳು. ಅಷ್ಟು ದೊಡ್ಡದನ್ನು ಅವಳು ತಿಗರಿಯ ಮೇಲೆ ಯಾವತ್ತೂ ಎತ್ತಿರಲಿಲ್ಲ. ಹೊಟ್ಟೆ ತುಂಬಿಕೊಂಡು, ಕೊರಳಿನ ಹತ್ತಿರ ಥಟ್ಟನೆ ಸಣ್ಣದಾಗಿ, ನೋಡಿದವರು ಕೈಯಾಡಿಸದೆ ಹೋಗುತ್ತಿರಲಿಲ್ಲ. "ಇದು ಬೆಂದು ಬರೋದನ್ನ ಈ ಕೈಯಲ್ಲಿ ಮುಟ್ಟಿ ನೋಡಿ ಆಮೇಲೆ ಆಸ್ಪತ್ರೆಗೆ ಹೋಗ್ತೀನಿ" ಎಂದಳು.

ಆಗಿನ ಸರದಿ, ಸಂಘದಲ್ಲಿ ಬಟ್ಟಲು ಮಾಡುವವನದು. ಅವನು ಅಣ್ಣನಿಗೆ ಹುಷಾರಿಲ್ಲವೆಂದು ದೂರದ ಊರಿಗೆ ಹೋಗಿದ್ದ. ಚಿಕ್ಕತ್ತೆಯನ್ನು ಸಂಘದವರೆಲ್ಲ ಅಮ್ಮ ಎನ್ನುತ್ತಿದ್ದರು. "ನನ್ನ ಸರದಿ ಅಮ್ಮನಿಗೇ ಇರಲಿ" ಎಂದು ಅಲ್ಲಿಂದಲೇ ಫೋನಿನಲ್ಲಿ ಒತ್ತಿದ. ರದ್ದು. ಮತ್ತೆ ಒತ್ತಿದ, ಮತ್ತೆ ರದ್ದು. ಸೊನ್ನೆಯಿಂದ ಒಂದು ಕಳೆಯಲು ಕಾಂಟ್ರಾಕ್ಟ್ ಒಲ್ಲೆ ಎನ್ನುತ್ತಿತ್ತು. ಸರದಿ ಅವನ ಹೆಸರಿನಲ್ಲೇ ನಿಂತುಬಿಟ್ಟಿತು. ಅವನು ಬಂದು ಬೆರಳಿಡುವ ತನಕ ಬಾಗಿಲು ಯಾರಿಗೂ ತೆರೆಯದು, ಬೀಗಕ್ಕೆ ಬೇರೆ ಕಾಂಟ್ರಾಕ್ಟನ್ನೂ ಜೋಡಿಸಲಾಗದು. ಅವನಣ್ಣನೋ ಹಾಸಿಗೆ ಹಿಡಿದಿದ್ದ.

ಸಂಘದವರು ಆವಿಗೆಯ ಕೋಣೆಯ ಮುಂದೆ ಸೇರಿದರು. ಹೆಂಚು ಮಾಡುವಾಕೆ ನೇರವಾಗಿ ಹೇಳಿದಳು: "ಬೀಗದಣ್ಣ, ನಿಮಗೆ ಇದು ಎರಡು ನಿಮಿಷದ ಕೆಲಸ. ತೆಗೆದುಬಿಡಿ."

ಅವನಿಗೂ ಅದು ಗೊತ್ತಿತ್ತು. ಆ ಬಾಗಿಲಿನ ಬೀಗ ಎಲ್ಲಿ ಸೋಲುತ್ತದೆಂದು ಅವನ ಬೆರಳಿಗೆ ಗೊತ್ತಿತ್ತು. ಬಾಯಿ ತೆರೆಯಬೇಕು ಎನ್ನುವಷ್ಟರಲ್ಲಿ ಹಳೆಯ ಕಾರ್ಯದರ್ಶಿ ಹಿಂದಿನಿಂದ, "ನನ್ನ ಕಾಲದಲ್ಲಿ ಕೀಲಿ ಅಂತ ಒಂದಿತ್ತಪ್ಪ" ಎಂದ. ನಾಲ್ಕು ಜನ ನಕ್ಕರು.

ಬೀಗದಣ್ಣನ ಮುಖ ಬಿಗಿಯಿತು. "ಇವತ್ತು ನಾನು ತೆಗೆದ್ರೆ ನಾಳೆ ಯಾರು ಬೇಕಾದ್ರೂ ತೆಗೀತಾರೆ. ಕರಾರು ಅಂದ್ರೆ ಕರಾರು. ಅವರು ಬರೋ ತನಕ ಕಾಯೋಣ."

"ಅಮ್ಮನ ಆಪರೇಷನ್ನು?"

"ಗುಡಾಣ ಎಲ್ಲಿಗೂ ಓಡಿಹೋಗಲ್ಲ."

ಮಾತಿಗೆ ಮಾತು ಬೆಳೆಯಿತು. ಹೆಂಚಿನಾಕೆ ಅವನನ್ನು ಮೊಂಡ ಎಂದಳು. ಅವನು ಅವಳನ್ನು ಕಾರ್ಯದರ್ಶಿಯ ಬಾಲ ಎಂದ. ಹೊಸಬರಲ್ಲಿ ಇಬ್ಬರು, ಇಂಥ ಸಂಘ ನಮಗೆ ಬೇಡ ಎಂದು ಹೊರಟರು. ಗೋಡೆಗೆ ಒರಗಿ ನಿಂತಿದ್ದ ಚಿಕ್ಕತ್ತೆ ಮನೆಗೆ ಹೋದಳು.

ಮರುದಿನ ಬೆಳಿಗ್ಗೆ ಬೀಗದಣ್ಣನ ಸಿಟ್ಟು ಇಳಿದಿತ್ತು. ಹೆಂಡತಿ ಅವನ ಕಂಬಿಗಳ ಚೀಲವನ್ನು ತಂದು ಮುಂದಿಟ್ಟಳು. ಗುಡಾಣವನ್ನು ಹೊರಲು ಜೊತೆಗಿರಲೆಂದು ಅವನು ಮೊದಲು ಚಿಕ್ಕತ್ತೆಯ ಕೊಟ್ಟಿಗೆಗೆ ಹೋದ.

ಅವಳು ದೊಡ್ಡ ಟಬ್ಬಿನ ಪಕ್ಕ ಮಣೆ ಹಾಕಿಕೊಂಡು ಕೂತಿದ್ದಳು. ಟಬ್ಬಿನ ತುಂಬ ನೀರು. ನೀರಿನ ಮೇಲೆ ಗುಡಾಣದ ಕೊರಳಿನ ಒಂದು ಬದಿ ಇನ್ನೂ ಕಾಣುತ್ತಿತ್ತು. ಉಳಿದದ್ದು ಪದರಪದರವಾಗಿ ಬಿಚ್ಚಿಕೊಂಡು ತಳ ಸೇರುತ್ತಿತ್ತು. ಸುಡದ ಮಣ್ಣು ನೀರಿಗೆ ಬಿದ್ದರೆ ಮತ್ತೆ ಮಣ್ಣೇ.

"ಚಿಕ್ಕತ್ತೆ, ನಾನು ತೆಗೆಯೋಕೇ ಬಂದಿದ್ದೆ."

"ಗೊತ್ತಾಯ್ತು, ಚೀಲ ನೋಡಿದೆ" ಎಂದಳು ಅವಳು. "ನೀವು ತೆಗೆದ್ರೆ ನಿಮ್ಮ ಮಾತು ಬೀಳತ್ತೆ, ತೆಗೀದಿದ್ರೆ ಸಂಘ ಒಡೆಯತ್ತೆ. ಒಂದು ಗುಡಾಣಕ್ಕೆ ಇಷ್ಟೆಲ್ಲ ಯಾಕಪ್ಪ ಅನ್ನಿಸ್ತು. ಮಣ್ಣೇನೂ ಹಾಳಾಗಲ್ಲ."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ದೊಣ್ಣೆ ಹಿಡಿದವನ ಮೇಲಾದರೆ ಸಿಟ್ಟು ಮಾಡಬಹುದು. ಅವಳು ತಾನೇ, ತನ್ನ ಕೈಯಾರೆ, ಅವನ ಮಾನ ಉಳಿಸಲೆಂದು ಕರಗಿಸಿದ್ದಳು. ಬೀಗದಣ್ಣ ಚೀಲ ಕೆಳಗಿಟ್ಟು ತೋಳು ಮಡಚಿ ನೀರಿಗೆ ಕೈ ಹಾಕಿದ. ಹಿಡಿಯಲು ಹೋದದ್ದೆಲ್ಲ ಬೆರಳ ಸಂದಿಯಿಂದ ಜಾರಿತು.

ಬಟ್ಟಲಿನವನು ಅಣ್ಣನ ಕೆಲಸ ಮುಗಿಸಿ, ತಲೆ ಬೋಳಿಸಿಕೊಂಡು ಬಂದ. ಮುನಿಸಿಕೊಂಡು ಹೋಗಿದ್ದ ಇಬ್ಬರು ಹೊಸಬರೂ ಸೇರಿ ಎಲ್ಲರೂ ಬೆರಳಿಟ್ಟು, ಸರಿಪಡಿಸಿದ ಕಾಂಟ್ರಾಕ್ಟನ್ನು ಬೀಗಕ್ಕೆ ಜೋಡಿಸಿದರು. ತಪ್ಪಿದ್ದದ್ದು ಒಂದೇ ಸಾಲು. ಈ ಸಲ ಬೀಗದಣ್ಣ ಒಂದು ಕೀಲಿಯನ್ನೂ ಮಾಡಿ, ಕೇಳಿದವರಿಗೆ ಕೊಡಿ ಎಂದು ಹೆಂಚಿನಾಕೆಯ ಕೈಗೆ ಕೊಟ್ಟ. ಅವಳು ಅದನ್ನು ಸೆರಗಿಗೆ ಕಟ್ಟಿಕೊಂಡಳು.

ಆಪರೇಷನ್ ಚೆನ್ನಾಗಿಯೇ ಆಯಿತು, ನೋವು ಹೋಯಿತು. ಆದರೆ ಹೆಬ್ಬೆರಳಿಗೆ ಮಣ್ಣನ್ನು ಒತ್ತಿ ಎತ್ತುವ ಬಲ ಮತ್ತೆ ಬರಲಿಲ್ಲ. ಚಿಕ್ಕತ್ತೆ ಈಗ ಬೇರೆಯವರಿಗೆ ಮಣ್ಣು ಸೋಸಿ ಕೊಡುತ್ತಾಳೆ. ಗುಡಾಣದ ಮಾತನ್ನು ಒಮ್ಮೆಯೂ ಎತ್ತಿಲ್ಲ.

ಎತ್ತಿದ್ದು ಬೀಗದಣ್ಣನೇ, ಒಂದೇ ಒಂದು ಸಲ. ಊಟಕ್ಕೆ ಬಂದವಳು ಕೈ ತೊಳೆಯುತ್ತಿದ್ದಾಗ, ಟವೆಲ್ ಹಿಡಿದು ನಿಂತು, "ಚಿಕ್ಕತ್ತೆ, ಅದಕ್ಕೆ ಯಾವ ಬಣ್ಣ ಅಂತ ಅಂದ್ಕೊಂಡಿದ್ರಿ?" ಎಂದು ಕೇಳಿದ.

ಅವಳು ಕೈಯ ನೀರು ಕೊಡವಿದಳು. "ಏನೂ ಅಂದ್ಕೊಂಡಿರಲಿಲ್ಲ. ಬೆಂಕಿ ಏನು ಕೊಡತ್ತೋ ನೋಡೋಣ ಅಂತಿದ್ದೆ" ಎಂದು ಟವೆಲ್ ತೆಗೆದುಕೊಂಡಳು.